ಹನ್ನೊಂದನೆಯ ತಟ್ಟೆ

ಮಿಲ್ ಸಾಬ್ರ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಬಿದ್ದು ಮುರಿದದ್ದಲ್ಲ, ಯಾರೋ ಹೊಡೆದದ್ದೂ ಅಲ್ಲ. ವರ್ಷಗಟ್ಟಲೆ ಕಾಫಿ ಬೀಜ ಕಚ್ಚಿ ಕಚ್ಚಿ ಸವೆದು, ಒಂದು ದಿನ ಒಣಗಿ ಕಲ್ಲಾಗಿದ್ದ ಬೀಜಕ್ಕೆ ಸಿಕ್ಕಿ ಚಟ್ಟನೆ ಹೋದದ್ದು. ಆಮೇಲೂ ಅಭ್ಯಾಸ ಬಿಡಲಿಲ್ಲ. ಮೂಟೆ ಬಿಚ್ಚಿದ ಕೂಡಲೇ ಒಂದು ಬೀಜ ತೆಗೆದು ಉಳಿದರ್ಧ ಹಲ್ಲಿನ ಕೆಳಗೆ ಇಟ್ಟು ಕಚ್ಚುತ್ತಿದ್ದರು. ಹಲ್ಲು ಊರಿದರೆ "ಇನ್ನೆರಡು ಬಿಸಿಲು ಬೇಕು", ಟಕ್ಕೆಂದರೆ "ಆಯ್ತು, ಇಳ್ಸಿ". ತೇವ ಅಳೆಯುವ ಮಷಿನ್ ಮೇಜಿನ ಮೇಲೇ ಇತ್ತು, ಅದಕ್ಕೊಂದು ಟವೆಲ್ ಹೊದಿಸಿದ್ದರು. ಮೊದಲು ಹಲ್ಲು, ಆಮೇಲೆ ಮಷಿನ್. ಎರಡರ ಲೆಕ್ಕ ತಾಳೆಯಾಗದಿದ್ದರೆ ಬೈಗುಳ ಬೀಳುತ್ತಿದ್ದದ್ದು ಮಷಿನ್ನಿಗೆ.

ಗೋಣಿಬೀಡಿನ ಆಚೆ, ಬಸ್ಸು ತಿರುವು ತೆಗೆದುಕೊಳ್ಳುವಲ್ಲಿ ಅವರ ಹಲ್ಲಿಂಗ್ ಮಿಲ್. ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ತೆಗೆಯುವ ಜಾಗ. ಏಪ್ರಿಲ್ ಬಿಸಿಲಲ್ಲೂ ತಲೆಗೆ ಉಣ್ಣೆ ಟೋಪಿ, ಜೇಬಿನಲ್ಲಿ ಲವಂಗ, ಬಾಯಲ್ಲಿ ಸಿಡುಕು. ನಾನು ಅವರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಹತ್ತೊಂಬತ್ತು, ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಈಗ ಅದೇ ಮಿಲ್ಲಿನಲ್ಲಿ ಕಾಫಿಯ ರುಚಿ ನೋಡಿ ಒಳ್ಳೆಯದು, ಕೆಟ್ಟದ್ದು ಹೇಳುವುದು ನನ್ನ ಉದ್ಯೋಗ. ದೂರದಿಂದ ಬಂದ ದೊಡ್ಡವರೂ ನನ್ನ ಮಾತಿಗೆ ಕಿವಿ ಕೊಡುತ್ತಾರೆ. ಇದೆಲ್ಲ ಹೇಗಾಯಿತು ಎಂದು ಕೇಳಿದವರಿಗೆ ಇಷ್ಟು ದಿನ ಅರ್ಧ ಕತೆ ಹೇಳುತ್ತಿದ್ದೆ. ಉಳಿದರ್ಧ ನನ್ನ ಮಾನದ ಪ್ರಶ್ನೆಯಾಗಿತ್ತು. ಈಗ ಸಾಬ್ರೇ ಇಲ್ಲ, ಮುಚ್ಚಿಟ್ಟುಕೊಂಡು ಎಂತ ಮಾಡಲಿ?

ನಮಗೆ ಗುಡ್ಡದ ಮೇಲೆ ಒಂದೂಕಾಲು ಎಕರೆ ಕಾಫಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಅಮ್ಮ ಎಸ್ಟೇಟಿನ ಕೂಲಿಗೆ ಹೋಗುತ್ತ, ನಡುವೆ ಸಿಕ್ಕ ದಿನಗಳಲ್ಲಿ ನಮ್ಮ ಹಣ್ಣು ಕೀಳುತ್ತಿದ್ದಳು. ಕಿತ್ತದ್ದನ್ನು ಸಂಜೆ ರಸ್ತೆ ಬದಿಗೆ ಹೊತ್ತು ತಂದು, ಹಣ್ಣು ಕೊಳ್ಳುವವನ ಪಿಕಪ್ ಗಾಡಿ ಕಾಯುವುದು. ಕಿತ್ತ ಹಣ್ಣು ಒಂದು ರಾತ್ರಿ ಚೀಲದಲ್ಲಿ ಉಳಿದರೆ ಹುಳಿ ಬರುತ್ತದೆ. ಅದು ಪಿಕಪ್‌ನವನಿಗೂ ಗೊತ್ತು, ಹಾಗಾಗಿ ಅವನು ಹೇಳಿದ್ದೇ ರೇಟು. ಎಕರೆ, ಎರಡೆಕರೆಯವರು ಆ ರಸ್ತೆಯುದ್ದಕ್ಕೂ ನಮ್ಮ ಹಾಗೆಯೇ ನಿಂತಿರುತ್ತಿದ್ದರು. ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ಒಣಗಿಸಿ ಪಾರ್ಚ್‌ಮೆಂಟ್ ಮಾಡಿದರೆ ಒಳ್ಳೆ ಬೆಲೆ ಎಂದು ಎಲ್ಲರಿಗೂ ಗೊತ್ತು. ಆದರೆ ಹಣ್ಣು ಸುಲಿಯುವ ಪಲ್ಪರ್ ಯಾರ ಮನೆಯಲ್ಲಿದೆ? ಒಂದು ಮೂಟೆ ತೆಗೆದುಕೊಂಡು ಹೋದರೆ ಮಿಲ್ ಓಡಿಸುವವರು ಯಾರು?

ಸಾಬ್ರು ಓಡಿಸಿದರು. ನನಗೆ ಹತ್ತೊಂಬತ್ತಾದ ವರ್ಷ ಅಮ್ಮ ಹಟ ಹಿಡಿದು ಸ್ವಲ್ಪ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿ, ಒಂದೇ ಮೂಟೆಯನ್ನು ತಲೆಯ ಮೇಲೆ ಹೊತ್ತು ಮಿಲ್ಲಿಗೆ ಹೋದಳು. ಜೊತೆಗೆ ನಾನು. ಅಲ್ಲಿ ಒಂದು ದೊಡ್ಡ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಲಾರಿ ತುಂಬ ಮೂಟೆ ತಂದು ಕಾಯುತ್ತಿದ್ದ. ಸಾಬ್ರು ಅಮ್ಮನ ಬೀಜ ಕಚ್ಚಿ ನೋಡಿ, ಹುಡುಗರಿಗೆ ಮಷಿನ್ ಖಾಲಿ ಮಾಡಿ ಗುಡಿಸಲು ಹೇಳಿದರು.

"ಒಂದು ಮೂಟೆಗೆ ಡೀಸೆಲ್ ಸುಡ್ತೀರಲ್ಲ ಸಾಬ್ರೆ, ತಲೆ ಸರಿ ಇದ್ಯಾ?" ಎಂದ ರೈಟರು.

"ನನ್ನ ರೇಟು ಚೂರು ಮೇಲೆ ಹೋದ್ರೆ ನಿಮ್ಮ ಸಾಹುಕಾರ್ರು ಲಾರಿನ ಸೀದಾ ಚಿಕ್ಕಮಗ್ಳೂರಿಗೆ ಬಿಡ್ತಾರೆ. ತಲೆ ಮೇಲೆ ಹೊತ್ಕೊಂಡ್ ಬರೋ ಈ ಅಕ್ಕ ಎಲ್ಲಿಗೆ ಹೋಗ್ತಾರೆ? ನನ್ನತ್ರಾನೇ ಬರ್ಬೇಕು. ಖಾಯಂ ಗಿರಾಕಿ ಯಾರು, ನೀವೇ ಹೇಳಿ ಮಾರಾಯ್ರೆ."

ನನಗೆ ನಗು ಬಂತು. ನಗುತ್ತಲೇ, ಸುಮ್ಮನಿರಲಾರದೆ, "ಇವರ ಆ ಮೂಟೆ ಸೀಮೆಎಣ್ಣೆ ವಾಸ್ನೆ ಹೊಡೀತಿದೆ" ಎಂದುಬಿಟ್ಟೆ. ರೈಟರಿಗೆ ಸಿಟ್ಟು ಬಂತು. ಸಾಬ್ರು ಮೂಟೆ ಬಿಚ್ಚಿಸಿ ಮೂಗು ಇಟ್ಟರು, ನನ್ನನ್ನೊಮ್ಮೆ ನೋಡಿದರು, ಮತ್ತೆ ಮೂಗು ಇಟ್ಟರು. "ನಂಗೆ ಹತ್ರ ಹೋದ್ರೂ ಕಷ್ಟಪಟ್ಟು ಬಂತು. ಇವಳಿಗೆ ಅಲ್ಲಿಂದ ಬಂದಿದೆ. ಅಕ್ಕ, ಈ ಮೂಗನ್ನ ನಾಳೆಯಿಂದ ಇಲ್ಲಿಗೆ ಕಳ್ಸಿ" ಎಂದರು ಅಮ್ಮನಿಗೆ. ಹೀಗೆ ನನಗೆ ಕೆಲಸ ಸಿಕ್ಕಿತು.

ಮರುವರ್ಷ ಅವರೊಂದು ಕೈ ಪಲ್ಪರ್ ಕೊಂಡು ತಮ್ಮ ಹಳೇ ಜೀಪಿನ ಹಿಂದೆ ಕಟ್ಟಿಸಿದರು. ಹಣ್ಣಿನ ಕಾಲದಲ್ಲಿ ಅದು ಸರದಿಯಂತೆ ಹನ್ನೊಂದು ಮನೆ ಸುತ್ತುತ್ತಿತ್ತು. ಎಲ್ಲರ ಕಾಫಿಯನ್ನೂ ಒಟ್ಟಿಗೆ ಸುರಿಯದೆ, ಮನೆಮನೆಯದ್ದನ್ನು ಬೇರೆ ಮೂಟೆ ಕಟ್ಟಿ ಹೆಸರು ಬರೆಸುತ್ತಿದ್ದರು. ಯಾರೋ ಒಬ್ಬರು, "ಪುಣ್ಯದ ಕೆಲ್ಸ ಮಾಡ್ತಿದೀರಿ ಸಾಬ್ರೆ" ಎಂದು ಹೊಗಳಲು ಹೋಗಿ ಬೈಸಿಕೊಂಡರು.

"ಪುಣ್ಯ ಅಂತ ಮಾಡಿದ್ರೆ ಎರಡು ವರ್ಷಕ್ಕೆ ಸುಸ್ತಾಗ್ತದೆ ನಂಗೆ. ವ್ಯಾಪಾರ ಅಂತ ಮಾಡಿದ್ರೆ ಬೆಳಗ್ಗೆ ಎದ್ದು ಮತ್ತೆ ಬಾಗ್ಲು ತೆಗೀತೀನಿ. ಅವ್ರಿಗೆ ನನ್ನ ಪುಣ್ಯ ಕಟ್ಕೊಂಡು ಎಂತ ಆಗ್ಬೇಕಿದೆ? ಬಾಗ್ಲು ತೆಗ್ದಿರ್ಬೇಕು, ಅಷ್ಟೆ."

ಆ ಹನ್ನೊಂದು ಮನೆಯವರ ನಿಜವಾದ ಪರೀಕ್ಷೆ ಬಂದದ್ದು ಅದರ ಮುಂದಿನ ಜನವರಿಯಲ್ಲಿ. ಹೊರದೇಶದಲ್ಲಿ ಕಾಫಿ ಮಾರುವ ಒಂದು ಕಂಪನಿಗೆ ಸಣ್ಣ ಬೆಳೆಗಾರರ ಕಾಫಿಯೇ ಬೇಕಿತ್ತು. ಅವರ ಕಡೆಯಿಂದ ರುಚಿ ನೋಡುವ ಒಬ್ಬರು ಮಿಲ್ಲಿಗೇ ಬರುತ್ತಾರೆ, ಒಪ್ಪಿದರೆ ವರ್ಷ ವರ್ಷವೂ ತೆಗೆದುಕೊಳ್ಳುತ್ತಾರೆ ಎಂದಾಯಿತು. ಆದರೆ ಷರತ್ತು ಇತ್ತು: ಹನ್ನೊಂದರಲ್ಲಿ ಒಂದು ಮನೆಯದ್ದು ಕೆಟ್ಟಿದ್ದರೂ ಇಡೀ ಮಾಲು ಬೇಡ. ಪಲ್ಪರಿಗೆ, ಒಣಗಿಸುವ ಮಂಚಗಳಿಗೆ ಸಾಬ್ರು ತಮ್ಮಲ್ಲಿದ್ದದ್ದನ್ನೆಲ್ಲ ಸುರಿದಿದ್ದರು. ಇದು ತಪ್ಪಿದರೆ ಮುಂದಿನ ವರ್ಷ ಪಲ್ಪರ್ ಸುತ್ತುವುದಿಲ್ಲ, ನಾವೆಲ್ಲ ಮತ್ತೆ ಪಿಕಪ್ ಕಾಯುತ್ತ ರಸ್ತೆ ಬದಿಗೆ. ಇದು ಅವರು ಬಾಯಿಬಿಟ್ಟು ಹೇಳಿದ್ದಲ್ಲ. ಲವಂಗ ಅಗಿಯುವ ವೇಗ ನೋಡಿದರೆ ಗೊತ್ತಾಗುತ್ತಿತ್ತು.

ಮಂಚ ಎಂದೆನಲ್ಲ, ಅದನ್ನು ಹೇಳಲೇಬೇಕು. ಕಾಫಿ ನೆಲಕ್ಕೆ ತಾಗದ ಹಾಗೆ ಒಣಗಲಿ ಎಂದು ಸಾಬ್ರು ಮನೆ ಮನೆಗೂ ಸೊಂಟದೆತ್ತರಕ್ಕೆ ಬಿದಿರು ಕಟ್ಟಿಸಿ, ಮೇಲೆ ಬಲೆ ಬಿಗಿಸಿಕೊಟ್ಟಿದ್ದರು. ಅಮ್ಮನಿಗೆ ಅದು ಕಣ್ಣಿಗೆ ಆಗುತ್ತಿರಲಿಲ್ಲ. "ಚಟ್ಟ ಕಟ್ಟಿಟ್ಟ ಹಂಗೆ ಕಾಣ್ತದಲ್ಲೇ. ಲಕ್ಷ್ಮಿನ ಯಾರಾದ್ರೂ ಅದ್ರ ಮೇಲೆ ಮಲಗಿಸ್ತಾರಾ?" ಎಂದು ಗೊಣಗುತ್ತಿದ್ದಳು. ಆದರೂ ಸಾಬ್ರು ಹೇಳಿದ್ದಾರೆಂದು ಸುಮ್ಮನಿದ್ದಳು. ನಾನು ನಕ್ಕು ಬಿಟ್ಟಿದ್ದೆ. ಆಗಲೇ ಸರಿಯಾಗಿ ತಿಳಿಸಿ ಹೇಳಿದ್ದರೆ ಆಗುತ್ತಿತ್ತು, ನನ್ನ ಕರ್ಮ.

ಆ ವಾರ ಅಕಾಲದಲ್ಲಿ ಮಳೆ ಬಂತು. ಉಳಿದ ಹತ್ತು ಮನೆಯವರ ಕಾಫಿ ಅಷ್ಟರಲ್ಲಿ ಒಣಗಿ ಮಿಲ್ ಸೇರಿತ್ತು, ನಮ್ಮದೊಂದು ಬಾಕಿ. ನಾನು ಎರಡು ದಿನ ಮಿಲ್ಲಿನಲ್ಲೇ ಉಳಿದು ಸ್ಯಾಂಪಲ್ ತಯಾರಿಯಲ್ಲಿದ್ದೆ. ಕಂಪನಿಯವರು ಬರುವ ದಿನ ಬೆಳಗ್ಗೆ ಅಮ್ಮ ಆಟೋದಲ್ಲಿ ಮೂಟೆ ಇಟ್ಟುಕೊಂಡು ಬಂದಳು. ಮದುವೆಗೆ ಉಡುವ ಹಸಿರು ಸೀರೆ ಉಟ್ಟಿದ್ದಳು.

"ನೋಡು, ಹೆಂಗೆ ಹೊಳೀತದೆ! ಮಳೆ ಬಿಟ್ಟ ಕೂಡ್ಲೇ ಕಣ ಸೆಗಣಿ ಹಾಕಿ ಸಾರ್ಸಿ, ರಂಗೋಲಿ ಬಿಟ್ಟು, ಅದ್ರ ಮೇಲೆ ಹರವಿದೀನಿ. ಇಂಥ ದಿನಕ್ಕೆ ಆ ಚಟ್ಟ ಬೇಡ ಅನಿಸ್ತು" ಎಂದಳು.

ಭತ್ತದ ರಾಶಿಗೆ ಮಾಡುವ ಹಾಗೆ ಮಾಡಿದ್ದಳು, ಪಾಪ. ಹಸಿ ಸೆಗಣಿಯ ಮೇಲೆ ತೇವದ ಪಾರ್ಚ್‌ಮೆಂಟ್! ಕಾಫಿ ಬೀಜ ಪಕ್ಕದಲ್ಲಿಟ್ಟ ಯಾವ ವಾಸನೆಯನ್ನೂ ಬಿಡದೆ ಹೀರಿಕೊಳ್ಳುತ್ತದೆ. ಏನೂ ತೋರಿಸಿಕೊಳ್ಳದೆ ಅಮ್ಮನನ್ನು ಹೊರಗೆ ಉಳಿದ ಹೆಂಗಸರ ಜೊತೆ ಕೂರಿಸಿ ಒಳಗೆ ಬಂದೆ. ಒಂದು ಹಿಡಿ ಸುಲಿದು, ಹುರಿಯಲು ಇಟ್ಟೆ. ಬೀಜ ಚಟಪಟ ಅನ್ನುವ ಹೊತ್ತಿಗೆ ಅದೇ ಬಂತು. ಮೊದಲು ಮಣ್ಣಿನ ವಾಸನೆ, ಅದರ ಹಿಂದೆಯೇ ಕೊಟ್ಟಿಗೆ.

ಸಾಬ್ರು ಕಂಪನಿಯವರನ್ನು ಕರೆತರಲು ಮೂಡಿಗೆರೆಗೆ ಹೋಗಿದ್ದರು. ಕೋಣೆಯಲ್ಲಿ ನಾನೊಬ್ಬಳೇ. ಮೇಜಿನ ಮೇಲೆ ಹನ್ನೊಂದು ತಟ್ಟೆ, ಒಂದೊಂದರಲ್ಲಿ ಹಸಿ ಬೀಜ, ಪಕ್ಕಕ್ಕೆ ಹುರಿದ ಬೀಜ, ಮುಂದೆ ಮನೆಯ ಚೀಟಿ. ಹನ್ನೊಂದನೆಯದು ಖಾಲಿ. ಕಿಟಕಿಯಲ್ಲಿ ಅಮ್ಮ ಕಾಣುತ್ತಿದ್ದಳು, ಯಾರಿಗೋ ಕೈ ಬೀಸಿ ಏನೋ ಹೇಳಿ ನಗುತ್ತಿದ್ದಳು. ಗುಡ್ಡದಲ್ಲಿ ನಮಗಿಂತ ಕೆಳಗಿದ್ದ ಮೇಸ್ತ್ರಿ ಮನೆಯ ಸ್ಯಾಂಪಲ್ ಡಬ್ಬಿಯಿಂದ ಬೀಜ ತೆಗೆದು ಅಮ್ಮನ ತಟ್ಟೆಗೆ ಹಾಕಿದೆ. ಅಮ್ಮನ ನಿಜವಾದ ಬೀಜವನ್ನು ಇನ್ನೊಂದು ಡಬ್ಬಿಗೆ ತುಂಬಿ ಮೇಜಿನ ಕೆಳಗೆ ತಳ್ಳಿದೆ. ಕಳ್ಳಿ ಎಂದರೆ ಕಳ್ಳಿಯೇ, ಬೇರೆ ಹೆಸರಿಲ್ಲ ಅದಕ್ಕೆ.

ಸಾಬ್ರು ಸ್ಕೂಟರಿನಲ್ಲಿ ಮುಂದಾಗಿ ಬಂದರು. "ಹಿಂದೆ ಬರ್ತಿದಾರೆ, ಹತ್ತು ನಿಮಿಷ" ಎಂದು ತಟ್ಟೆಗಳ ಸಾಲು ನೋಡುತ್ತ ಬಂದರು. ಒಂದು, ಎರಡು, ಮೂರು... ಹನ್ನೊಂದನೆಯದರ ಮುಂದೆ ನಿಂತರು. ಒಂದು ಹಸಿ ಬೀಜ ತೆಗೆದು ಬೆಳಕಿಗೆ ಹಿಡಿದು ತಿರುಗಿಸಿದರು.

"ಇದು ಯಾರದ್ದು?"

"ಅಮ್ಮಂದು ಸಾಬ್ರೆ."

"ನಿಮ್ಮ ಗುಡ್ಡದ್ದು ಹಳೇ ಗಿಡ. ಬೀಜ ಉದ್ದ, ನಡುವಿನ ಗೆರೆ ಸೊಟ್ಟ. ಇದು ಉಂಡೆ." ಹಲ್ಲಿಗೆ ಇಟ್ಟು ಕಚ್ಚಿದರು. "ಇದು ಮೇಸ್ತ್ರಿ ಮನೇದು. ನಿಮ್ದೆಲ್ಲಿ?"

ಹೊರಗೆ ತಿರುವಿನಲ್ಲಿ ಕಂಪನಿಯವರ ಜೀಪಿನ ಹಾರ್ನ್ ಕೇಳಿತು. ನಾನು ಬಗ್ಗಿ ಡಬ್ಬಿ ತೆಗೆದುಕೊಟ್ಟೆ. ಮುಚ್ಚಳ ತೆಗೆದರು, ಮೂಗು ಇಟ್ಟರು, ಕಣ್ಣು ಮುಚ್ಚಿದರು.

"ಇಡು ಇದನ್ನ."

"ಸಾಬ್ರೆ, ಹನ್ನೊಂದು ಮನೇದೂ ಹೋಗ್ತದೆ! ನಿಮ್ ಕಾಲಿಗೆ ಬೀಳ್ತೀನಿ..."

"ಹೋದ್ರೆ ಈ ವರ್ಷ ಹೋಗ್ತದೆ. ಇವತ್ತು ನೀನು ಇಟ್ಟಿದ್ಯಲ್ಲ, ಅದು ಗೊತ್ತಾದ್ರೆ ಇನ್ಯಾವತ್ತೂ ಯಾರೂ ಈ ರಸ್ತೆಗೆ ಬರಲ್ಲ. ಇಡು ಅಂದ್ನಲ್ಲ! ಬೇಗ."

ಮೇಸ್ತ್ರಿ ಮನೆಯ ಬೀಜ ತೆಗೆದು, ಅಮ್ಮನದ್ದು ಸುರಿದೆ. ಕೊನೆಯ ಬೀಜ ತಟ್ಟೆಗೆ ಬೀಳುವುದಕ್ಕೂ ಜೀಪಿನ ಬಾಗಿಲು ಹಾಕಿದ ಸದ್ದು ಕೇಳುವುದಕ್ಕೂ ಸರಿಹೋಯಿತು.

ಬಂದವರು ಐವತ್ತರ ಆಸುಪಾಸಿನ, ಮೆದು ಮಾತಿನ ಮನುಷ್ಯ. ಪುಡಿ ಮಾಡಿ, ಲೋಟಗಳಿಗೆ ಹಾಕಿ, ಬಿಸಿನೀರು ಬಿಟ್ಟೆ. ಅವರು ಚಮಚದಲ್ಲಿ ಎತ್ತಿ ಸೊರ್ರೆಂದು ಹೀರಿ, ಬಾಯೊಳಗೆ ಆಡಿಸಿ, ಬಕೆಟ್ಟಿಗೆ ಉಗುಳುತ್ತ ಬಂದರು. ಮೊದಲ ಮನೆಗೆ ತಲೆಯಾಡಿಸಿದರು. ನಾಲ್ಕನೆಯದಕ್ಕೆ "ಚೆನ್ನಾಗಿದೆ" ಎಂದರು. ಮೇಸ್ತ್ರಿ ಮನೆಯದನ್ನು ಎರಡು ಸಲ ಹೀರಿದರು. ಹೊರಗಿನ ಹೆಂಗಸರು ಕಿಟಕಿಗೆ ಬಂದು ನಿಂತಿದ್ದರು, ಎಲ್ಲರಿಗಿಂತ ಮುಂದೆ ಅಮ್ಮ. ಹತ್ತು ಆಯಿತು. ಹನ್ನೊಂದನೆಯ ಲೋಟಕ್ಕೆ ಚಮಚ ಇಟ್ಟು ಮೂಗು ಬಗ್ಗಿಸಿದವರು ಹಾಗೆಯೇ ನಿಂತರು. ಹೀರಿದರು. ತಟ್ಟನೆ ಉಗುಳಿ, ನೀರು ಕೇಳಿದರು.

ಅಮ್ಮನ ಮುಖದ ನಗು ಇನ್ನೂ ಹೋಗಿರಲಿಲ್ಲ, ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.

"ಇದ್ರಲ್ಲಿ ಸೆಗಣಿ ವಾಸ್ನೆ ಇದೆ" ಎಂದರು ಸಾಬ್ರು ತಾವೇ ಮೊದಲಾಗಿ. "ಕಣ ಸಾರ್ಸಿ ಒಣಗ್ಸಿದಾರೆ. ನಮ್ಮಲ್ಲಿ ಬೆಳೆ ಬಂದ್ರೆ ಹಂಗೇ ಮಾಡೋದು, ಅದು ಮರ್ಯಾದೆ. ತಪ್ಪು ಅವ್ರದ್ದಲ್ಲ. ನಾನು ಮಂಚ ಕಟ್ಟಿಸ್ಕೊಟ್ಟೆ, ಯಾಕೆ ಅಂತ ಕೂತು ಹೇಳ್ಲಿಲ್ಲ. ಉಳಿದ ಹತ್ತು ಮನೆ ಮೂಟೆ ಬೇರೆ ಬೇರೆ ಇವೆ, ಒಂದಕ್ಕೊಂದು ತಾಗಿಲ್ಲ. ಬಿಚ್ಚಿ ನೋಡಿ."

"ಇದನ್ನ ಮೇಜಿಗೆ ಇಡದೇ ಇದ್ದಿದ್ರೆ ಸುಲಭ ಆಗ್ತಿತ್ತಲ್ಲ ನಿಮಗೆ?" ಎಂದು ಕೇಳಿದರು ಬಂದವರು.

"ಮೂಟೆ ಹಡಗು ಹತ್ತಿದ್ಮೇಲೆ ಗೊತ್ತಾಗ್ತಿತ್ತು. ಆಗ ಅಲ್ಲಿ ನಿಂತು ವಿವರ್ಸೋಕೆ ನಂಗೆ ಇಂಗ್ಲಿಷ್ ಬರಲ್ಲ ಸಾರ್."

ಅವರು ನಗಲಿಲ್ಲ. ಫೋನು ಹಿಡಿದು ಹೊರಗೆ ಹೋದರು. ಸಿಗ್ನಲ್ ಹುಡುಕುತ್ತ ಜೀಪಿನ ಹಿಂದೆ, ಮುಂದೆ, ಆಮೇಲೆ ರಸ್ತೆಯ ಆಚೆ ಹೋಗಿ ನಿಂತರು. ಅರ್ಧ ಗಂಟೆ ಇರಬೇಕು. ಆ ಹೊತ್ತಿನಲ್ಲಿ ಹೆಂಗಸರು ಅಮ್ಮನಿಂದ ಸ್ವಲ್ಪ ಸ್ವಲ್ಪವೇ ದೂರ ಸರಿದರು. ಮೇಸ್ತ್ರಿ ಮನೆಯಾಕೆ, "ಹೇಳಿದ್ದು ಕೇಳೋಕೆ ಏನು ದಾಡಿ ಆಗಿತ್ತು ಇವ್ಳಿಗೆ" ಎಂದಳು, ಅಮ್ಮನಿಗೆ ಕೇಳುವ ಹಾಗೆಯೇ. ನನಗೆ ಮೈ ಉರಿದುಹೋಯಿತು. ಆದರೆ ಅವಳ ಬೀಜ ಕದ್ದವಳು ನಾನು, ಯಾವ ಬಾಯಲ್ಲಿ ಜಗಳ ಆಡಲಿ? ಸಾಬ್ರು ಜೇಬಿನ ಲವಂಗವೆಲ್ಲ ಮುಗಿಸಿ, ಖಾಲಿ ಬಾಯಿ ಅಗಿಯುತ್ತಿದ್ದರು.

ಕಂಪನಿಯವರು ವಾಪಸು ಬಂದು ಹತ್ತು ಮನೆಯದ್ದನ್ನು ತೆಗೆದುಕೊಳ್ಳುತ್ತೇವೆ ಎಂದರು. ಈ ವರ್ಷ ಪರೀಕ್ಷೆಗೆ. ಮುಂದಿನ ಜನವರಿಗೆ ಬಂದು ಪ್ರತಿ ಮನೆಯ ಅಂಗಳ ನೋಡಿ ಆಮೇಲೆ ಮುಂದಿನ ಮಾತು. ಹನ್ನೊಂದನೆಯದು ಬೇಡ. ಅಷ್ಟು ಹೇಳುವುದರೊಳಗೆ ಕಿಟಕಿಯಿಂದ ಹಸಿರು ಸೀರೆ ಕಾಣೆಯಾಗಿತ್ತು.

ಎಲ್ಲ ಹೋದಮೇಲೆ ಸಾಬ್ರು ಮೇಸ್ತ್ರಿ ಮನೆಯ ಬೀಜಗಳನ್ನು ತಾವೇ ಬಳಿದು ಅವರ ಡಬ್ಬಿಗೆ ಹಾಕಿದರು. ನಾನು ಮೂಲೆಯಲ್ಲಿ ನಿಂತು, ನಾಳೆಯಿಂದ ಬರಬೇಡ ಎನ್ನುವ ಮಾತಿಗೆ ಕಾಯುತ್ತಿದ್ದೆ. "ನಾಳೆ ಎಂಟಕ್ಕೆ ಬಾ" ಎಂದರು. "ಹನ್ನೊಂದು ಅಂಗಳನೂ ನಡ್ದು ಬರ್ಬೇಕು. ಮಂಚ ಯಾಕೆ ಅಂತ ಒಬ್ಬೊಬ್ರಿಗೂ ಹೇಳು. ಹುರಿದು, ಮೂಸಿ ತೋರ್ಸಿ ಹೇಳು. ಮೊದ್ಲು ನಿಮ್ಮನೆಯಿಂದ ಶುರು ಮಾಡು." ತಟ್ಟೆ ಬದಲಾಯಿಸಿದ ವಿಷಯವನ್ನು ಅವರು ಅಂದಾಗಲಿ, ಆಮೇಲಾಗಲಿ, ಯಾರ ಹತ್ತಿರವೂ ಎತ್ತಲಿಲ್ಲ. ನನ್ನ ಹತ್ತಿರ ಕೂಡ.

ಅಮ್ಮ ಒಂದು ತಿಂಗಳು ಮಿಲ್ಲಿನ ರಸ್ತೆಗೇ ಕಾಲಿಡಲಿಲ್ಲ. ವಾಪಸು ಬಂದ ಮೂಟೆ ಅಡುಗೆಮನೆಯ ಮೂಲೆಯಲ್ಲಿತ್ತು. ಅದನ್ನು ಗೊಬ್ಬರದ ಗುಂಡಿಗೆ ಸುರಿಯುತ್ತೇನೆ ಎಂದು ದಿನಾ ಹೇಳುವಳು, ಸುರಿಯುವಾಗ ಕೈ ಬಾರದು. ಒಂದು ಶುಕ್ರವಾರ ನಮಾಜು ಮುಗಿಸಿ ಸಾಬ್ರು ಸ್ಕೂಟರಿನಲ್ಲಿ ನಮ್ಮ ಗುಡ್ಡ ಹತ್ತಿ ಬಂದರು.

"ಅಕ್ಕ, ಆ ಮೂಟೆ ಇದ್ಯಾ? ಗಿರಾಕಿ ಸಿಕ್ಕಿದಾನೆ."

"ತಮಾಷೆ ಮಾಡ್ಬೇಡಿ ಸಾಬ್ರೆ. ಆ ಹೊಲಸನ್ನ ಯಾರು ತಗೋತಾರೆ?"

"ಇದಾನೆ ಒಬ್ಬ ಹುಚ್ಚ. ಅವನಿಗೆ ಇದೇ ವಾಸ್ನೆ ಬೇಕಂತೆ. ನಂಗೆಂತ, ಕೇಳ್ದೋರಿಗೆ ಕೊಡೋದು." ಎಲ್ಲರಿಗೆ ಕೊಟ್ಟ ದರವನ್ನೇ ಅಮ್ಮನ ಕೈಯಲ್ಲಿಟ್ಟು, ಮೂಟೆಯನ್ನು ಸ್ಕೂಟರಿನ ಮುಂದೆ ಎತ್ತಿಟ್ಟುಕೊಂಡು ಇಳಿದು ಹೋದರು.

ಅವತ್ತು ಅಮ್ಮನ ಮುಖ ನೋಡಬೇಕಿತ್ತು! ಮರುದಿನವೇ ಮೇಸ್ತ್ರಿ ಮನೆಯಾಕೆಗೆ ಸುದ್ದಿ ಮುಟ್ಟಿಸಿ ಬಂದಳು. ಮುಂದಿನ ವರ್ಷ "ಚಟ್ಟ"ದ ಮೇಲೆಯೇ ಒಣಗಿಸಿದಳು. ಸುತ್ತ ರಂಗೋಲಿ ಹಾಕಿದಳು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅಂಗಳ ನೋಡಲು ಬಂದ ಕಂಪನಿಯವರು ನಮ್ಮ ಕಾಫಿಯನ್ನು ಎರಡು ಸಲ ಹೀರಿದರು. ಅಲ್ಲಿಂದ ಒಂದು ವರ್ಷವೂ ತಪ್ಪಿಲ್ಲ. ಅಮ್ಮ ಕೂಲಿ ಬಿಟ್ಟಳು. ಆ ರಸ್ತೆ ಬದಿಯಲ್ಲಿ ಚೀಲ ಇಟ್ಟುಕೊಂಡು ಕಾಯುವವರು ಈಗ ಕಾಣುವುದೇ ಅಪರೂಪ. ಪಿಕಪ್‌ನವನೂ ತನ್ನ ಅರ್ಧ ಎಕರೆಯ ಹಣ್ಣನ್ನು ನಮ್ಮ ಪಲ್ಪರಿಗೇ ತರುತ್ತಾನೆ. ಅವನಿಗೂ ಸಾಬ್ರು ಇಲ್ಲ ಎಂದವರಲ್ಲ. ನನ್ನನ್ನು ಚಿಕ್ಕಮಗಳೂರಿಗೆ ಕಳಿಸಿ ರುಚಿ ನೋಡುವ ತರಬೇತಿ ಕೊಡಿಸಿದ್ದೂ ಅವರೇ. ಬಸ್ಸು ಹತ್ತಿಸುವಾಗ, "ಮೂಗು ಇದೆ ಅಂತ ಮೆರೀಬೇಡ, ನೆಗಡಿ ಎಲ್ರಿಗೂ ಬರ್ತದೆ" ಎಂದಿದ್ದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಬೆಳಗ್ಗೆ ಮಿಲ್ಲಿನ ಬಾಗಿಲು ತೆಗೆದು ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಜೇಬಿನಲ್ಲಿ ಲವಂಗವಿತ್ತು. ಮಷಿನ್ ಬಳಸಿದ ಮೇಲೆ ಆ ಟವೆಲನ್ನು ನಾನು ಈಗಲೂ ಮರೆಯದೆ ಹೊದಿಸುತ್ತೇನೆ.

ಒಂದು ವಾರ ಬಿಟ್ಟು ಅಮ್ಮನೂ ನಾನೂ ಅವರ ಮನೆಗೆ ಹೋದೆವು. ಸಾಬ್ರ ಹೆಂಡತಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಸೊಸೆ ಕಾಫಿ ತಂದುಕೊಟ್ಟಳು. ಏನು ಮಾತಾಡುವುದೆಂದು ತೋಚದೆ ಅಮ್ಮ ತನ್ನ ಹಳೆಯ ಕತೆಯನ್ನೇ ತೆಗೆದಳು. ಎಲ್ಲರೂ ಬೇಡ ಅಂದ ಮೂಟೆಗೆ ಸಾಬ್ರು ಎಲ್ಲಿಂದಲೋ ಗಿರಾಕಿ ಹುಡುಕಿ ತಂದದ್ದು, ಅಂಥವರು ಇನ್ನು ಎಲ್ಲಿ ಸಿಗಬೇಕು ಎಂದದ್ದು.

ಆಕೆ ಅಮ್ಮನನ್ನೇ ನೋಡಿದರು. "ಅದು ನಿಮ್ದಾ ಅಕ್ಕ? ಆ ಸೆಗಣಿ ಕಾಫಿ?"

"ಹೌದು. ಯಾಕೆ?"

"ಅಯ್ಯೋ, ಅದನ್ನ ಕುಡಿದೋರು ನಾವಲ್ವಾ! ಎರಡು ವರ್ಷ ಈ ಮನೇಲಿ ಬೇರೆ ಪುಡಿ ಬರ್ಲಿಲ್ಲ. ಎಸೀತೀನಿ ಅಂದ್ರೆ ಬಿಡ್ತಿರ್ಲಿಲ್ಲ. ದುಡ್ಡು ಕೊಟ್ಟು ತಂದಿದೀನಿ, ಕುಡೀರಿ ಅಂತಿದ್ರು. ಹಬ್ಬಕ್ಕೆ ಬಂದ ನೆಂಟ್ರಿಗೂ ಅದೇ. ನಮ್ಮ ಸೊಸೆ ಹೊಸ್ದಾಗಿ ಬಂದಾಗ ಮೂಗು ಮುಚ್ಕೊಂಡು ಕುಡೀತಿದ್ಲು."

ಅಮ್ಮ ಲೋಟ ಕೆಳಗಿಟ್ಟಳು. ಸಣ್ಣ ದನಿಯಲ್ಲಿ, "ಅಷ್ಟು ಕೆಟ್ಟದಾಗಿತ್ತಾ?" ಎಂದಳು.

"ಕೊಟ್ಟಿಗೇಲಿ ಕೂತು ಕುಡ್ದ ಹಂಗೆ ಆಗ್ತಿತ್ತು ಮಾರಾಯ್ತಿ" ಎಂದರು ಆಕೆ. ಅಮ್ಮನಿಗೆ ನಗು ಬಂತು, ಅವರಿಗೂ ಬಂತು. ಸಾವಿನ ಮನೆಯಲ್ಲಿ ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತಲೇ ಇಬ್ಬರಿಗೂ ಅಳು ಬಂತು. ಆಮೇಲೆ ಅಮ್ಮ ಅವರ ಕೈ ಹಿಡಿದುಕೊಂಡು ಕೂತುಬಿಟ್ಟಳು, ಹೊರಡೋಣ ಎಂದು ನಾನು ಎರಡು ಸಲ ಕರೆಯಬೇಕಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಮಿಲ್ಲಿನ ತಿರುವು ಬಂತು. ಇನ್ನು ನನ್ನ ಕೈಯಲ್ಲಿ ತಡೆದುಕೊಳ್ಳಲು ಆಗಲಿಲ್ಲ, ಹೇಳಿಬಿಟ್ಟೆ. ಅವತ್ತು ಮೇಸ್ತ್ರಿ ಮನೆಯ ಬೀಜ ತೆಗೆದು ಅವಳ ತಟ್ಟೆಗೆ ಹಾಕಿದ್ದು, ಸಾಬ್ರು ಹಿಡಿದದ್ದು, ತೆಗೆಸಿದ್ದು, ಎಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಯಾರಿಗೂ ಹೇಳ್ಲಿಲ್ವಾ ಅವ್ರು?"

"ಇಲ್ಲ."

"ಮನೇಲೂ?"

"ಮನೇಲೂ ಹೇಳಿಲ್ಲ ಅನ್ಸುತ್ತೆ. ಹೇಳಿದ್ದಿದ್ರೆ ಇವತ್ತು ಅವ್ರ ಹೆಂಡ್ತಿ ಆ ಮಾತು ಎತ್ತುತ್ತಿದ್ರು."

ಸಾಬ್ರು ಹೋದ ದಿನದಿಂದ ಮುಚ್ಚಿಯೇ ಇದ್ದ ಮಿಲ್ಲಿನ ಬಾಗಿಲು ಕಣ್ಮರೆಯಾಗುವವರೆಗೆ ಅಮ್ಮ ಕತ್ತು ತಿರುಗಿಸಿ ನೋಡಿದಳು. ಇಳಿದು ಗುಡ್ಡದ ದಾರಿ ಹಿಡಿದ ಮೇಲೆ, ನನ್ನ ಮುಖ ನೋಡದೆ ಹೇಳಿದಳು: "ಹಂಗಾದ್ರೆ ನಮ್ಮನೇದು ಎರಡು ನುಂಗ್ಕೊಂಡ್ರು ಅವ್ರು. ನನ್ನ ಕಾಫಿ ಒಂದು, ನಿನ್ನ ಕಳ್ಳತನ ಒಂದು. ನಾಳೆ ಎಂಟಕ್ಕೆ ಹೋಗಿ ಆ ಬಾಗ್ಲು ತೆಗಿ."